ಹಳೆ ಓಣಿಯ ಸಿಂಪು

ನಮ್ಮದು ಲಿಂಗ ಕಟ್ಟುವ ಮನೆ. ಸಿಂಪಿನ ರುಚಿ ಹೇಗಿರುತ್ತದೆಂದು ನನ್ನನ್ನು ಕೇಳಬೇಡಿ. ಆದರೆ ಹೊಳೆಯ ಕೆಸರಿನಿಂದ ಆ ಕಪ್ಪೆಚಿಪ್ಪು ಆರಿಸುವ ನೇಮಗಳೆಲ್ಲ ನನಗೆ ಬಾಯಿಪಾಠ. ಹಿಂದಿನ ಮನೆಯ ಅಂಬಿಗರ ಸತ್ಯವ್ವ ಅವನ್ನು ಹೇಳುವುದು ನಮ್ಮ ಮನೆಯೊಳಗೂ ಕೇಳುತ್ತಿತ್ತು; ಅವಳು ಮೆಲ್ಲಗೆ ಮಾತಾಡಿದ್ದನ್ನು ಆಗಿನವರೆಗೆ ನಾನು ಕೇಳಿಯೇ ಇರಲಿಲ್ಲ.

ಎರಡು ಬೆರಳಿಗಿಂತ ಸಣ್ಣದನ್ನು ಮುಟ್ಟಬಾರದು. ಬಾಯಿ ತೆರೆದದ್ದನ್ನು ಉಗುರಿನಿಂದ ಬಡಿಯಬೇಕು. ಮುಚ್ಚಿಕೊಳ್ಳದಿದ್ದರೆ ಸತ್ತಿದೆ, ಬಿಸಾಕಬೇಕು. ಕುದಿಸಿದ ಮೇಲೂ ಬಾಯಿ ಬಿಡದ್ದು ನಾಯಿಗೂ ಬೇಡ. ಮಳೆಗಾಲದ ಹೊಸ ನೀರು ಬಂದರೆ ಹದಿನೈದು ದಿನ ಹೊಳೆಗೆ ಇಳಿಯುವಂತಿಲ್ಲ. ಎಲ್ಲಕ್ಕೂ ಮೊದಲು, ಕೋಲಿನಿಂದ ತಳ ಮುಟ್ಟಿ ನೋಡದೆ ಹೆಜ್ಜೆ ಇಡಕೂಡದು. ಮೂವತ್ತು ವರ್ಷ ಘಟಪ್ರಭೆಯಲ್ಲಿ ಇಳಿದೆದ್ದ ಹೆಂಗಸು ಅವಳು. ಅವಳು ತಂದ ಸಿಂಪು ತಿಂದು ಒಬ್ಬರಿಗೂ ಹೊಟ್ಟೆ ಕೆಟ್ಟಿರಲಿಲ್ಲ.

ಆಲಮಟ್ಟಿಯ ಹಿನ್ನೀರಿಗೆ ನಮ್ಮ ಊರು ಹೋಯಿತು. ಮೈಲಿ ದೂರದ ದಿನ್ನೆಯ ಮೇಲೆ ಎಲ್ಲರಿಗೂ ಪ್ಲಾಟು ಕೊಟ್ಟರು. ಅಲ್ಲಿಯೂ ಸತ್ಯವ್ವನ ಮನೆ ನಮ್ಮ ಹಿಂದೆಯೇ ಬಿತ್ತು. ಎರಡು ಸಾವಿರದ ಮೂರರಲ್ಲಿ ಅವಳು ಮಗ ಹುಲ್ಲಪ್ಪನಿಗೆ ಕೆರೂರಿನಿಂದ ಬಾಳಮ್ಮನನ್ನು ತಂದಳು. ನಳದ ಕೊಡಕ್ಕಿಂತ ಆಳದ ನೀರು ಕಂಡಿರದ ಹುಡುಗಿ. ತಿಂಗಳು ಕಳೆಯುವಷ್ಟರಲ್ಲಿ ಹುಲ್ಲಪ್ಪ ಗೋವಾಕ್ಕೆ ದುಡಿಯಲು ಹೊರಟ.

"ಯವ್ವಾ, ಅಕಿಗೆ ನೀರಿನ ರೂಢಿ ಇಲ್ಲ. ನಿನ್ನ ಕೈಯಾಗ ಕೊಟ್ಟ ಹೊಂಟೇನಿ" ಎಂದ.

"ನಾ ಇರೂತನಾ ಅಕಿ ಕೂದಲಾ ಕೊಂಕೂದಿಲ್ಲ, ಹೋಗಲೇ" ಎಂದಳು ತಾಯಿ.

ಆ ಮಾತು ನನಗೆ ಹಿಡಿಸಲಿಲ್ಲ. ನೀರಿನ ದಂಡೆಯಲ್ಲಿ ಬದುಕುವವರು ಅಷ್ಟು ಗಟ್ಟಿಯಾಗಿ ಮಾತು ಕೊಡಬಾರದು.

ಬೇಸಿಗೆಗೆ ಹಿನ್ನೀರು ಇಳಿದು ಹಳೆಯ ಊರಿನ ಓಣಿಯಲ್ಲಿ ಮೊಣಕಾಲು ಮಟ್ಟ ನಿಂತಿತು. ಗೋಡೆಗಳು ಕುಸಿದಿದ್ದವು. ಒಣಗಿದ ಬೇವಿನ ಮರಗಳು ಕರ್ರಗೆ ನಿಂತಿದ್ದವು, ಅವುಗಳ ಮೇಲೆ ಒಂದು ಕಾಗೆಯೂ ಕೂರುತ್ತಿರಲಿಲ್ಲ. ಅಲ್ಲಿನ ಕೆಸರಿನಲ್ಲಿ ಸಿಂಪು ಅಂಗೈ ಅಗಲ ಬೆಳೆದಿದೆ ಎಂಬ ಸುದ್ದಿ ಬಂತು.

ಸತ್ಯವ್ವ ಸೊಸೆಗೆ ಕೆಲಸ ಕಲಿಸಲು ಹೊರಟಾಗ ನಾನು ಕಟ್ಟೆಯ ಮೇಲೆ ಕುಳಿತಿದ್ದೆ. ಇಬ್ಬರ ಕೈಯಲ್ಲೂ ಬುಟ್ಟಿ ಇತ್ತು, ಕೋಲು ಇರಲಿಲ್ಲ.

"ಕೋಲ ಎಲ್ಲೈತಿ ಸತ್ಯವ್ವಾ?"

"ನಮ್ಮ ಓಣ್ಯಾಗ ಅಡ್ಡಾಡಾಕ ಕೋಲ ಯಾಕ್ರಿ ಸಾವ್ಕಾರ್ರ? ಕಣ್ಣ ಮುಚ್ಚಿ ಹೋಗ್ತೇನಿ."

ನಾನೂ ನಕ್ಕೆ. ದೇವರಾಣೆ, ನಕ್ಕೆ.

ಆಮೇಲಿನದನ್ನು ಸತ್ಯವ್ವನೇ ಹೇಳಿದ್ದು. ಹೂಳಿನಲ್ಲಿ ಕಾಲು ಸಿಕ್ಕಿ ಬಾಳಮ್ಮ ಅಳಲು ಶುರು ಮಾಡಿದಳಂತೆ. ಗಟ್ಟಿ ನೆಲ ಎಲ್ಲಿದೆ ಎಂದು ಸತ್ಯವ್ವ ನೆನಪು ಮಾಡಿಕೊಂಡಳು. ನಮ್ಮ ಕಡೆ ಒಕ್ಕಲುತನದವರ ಮನೆ ಮುಂದೆ ಹಗೇವು ಇರುತ್ತದೆ. ಜೋಳ ತುಂಬಿಡಲು ನೆಲದೊಳಗೆ ತೋಡಿದ, ಎರಡಾಳು ಆಳದ ಗುಂಡಿ ಅದು. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಮೇಲೆ ಎತ್ತು ನಿಂತರೂ ಅಲುಗದ ಕಲ್ಲು ಮುಚ್ಚಿರುತ್ತಾರೆ.

"ಅಲ್ಲಿ ಹೋಗಿ ನಿಂದ್ರ ನನ್ನವ್ವಾ, ಹಗೇವಿನ ಕಲ್ಲ ಐತಿ. ಇಡೀ ಊರಾಗ ಅದ ಗಟ್ಟಿ ಜಾಗಾ" ಎಂದು ಅವಳೇ ಕೈ ಮಾಡಿ ತೋರಿಸಿದಳು. ಬಾಳಮ್ಮ ಎರಡು ಹೆಜ್ಜೆ ಇಟ್ಟಳು. ಮೂರನೆಯದಕ್ಕೆ ಆಕೆ ಅಲ್ಲಿರಲಿಲ್ಲ. ಸತ್ಯವ್ವ ಹಾರಿ ಸೆರಗು ಹಿಡಿದಳು. ಕೈಗೆ ಸೀರೆ ಮಾತ್ರ ಬಂತು.

ದನ ಕಾಯುವವರು ಕೂಗಿದ್ದು ಕೇಳಿ ನಾವು ಹಗ್ಗ ತೆಗೆದುಕೊಂಡು ಓಡಿದೆವು. ಸತ್ಯವ್ವ ಸೀರೆ ಹಿಡಿದು ನಿಂತ ಜಾಗ ನೋಡಿದೆ. ಅದು ನಮ್ಮ ಹಳೆಯ ಮನೆಯ ಅಂಗಳ. ಊರು ಬಿಡುವ ದಿನ ಆ ಕಲ್ಲಿಗೆ ಹಾರೆ ಹಾಕಿ ಎಬ್ಬಿಸಿ ಟ್ರ್ಯಾಕ್ಟರಿಗೆ ಹೇರಿದವನು ನಾನು. ಹೊಸ ಮನೆಯ ಬಚ್ಚಲಿಗೆ ಒಳ್ಳೆಯ ಕಲ್ಲು ಸಿಕ್ಕಿತೆಂದು ಬೀಗಿದ್ದೆ. ಇನ್ನೂ ಹಲವರು ಹಾಗೇ ಮಾಡಿದ್ದರು. ಹೇಗೂ ಮುಳುಗುವ ಊರು, ಅಲ್ಲಿ ಇನ್ನು ಯಾರು ತಿರುಗಾಡುತ್ತಾರೆ ಎಂದುಕೊಂಡಿದ್ದೆವು. ಬಾಳಮ್ಮನನ್ನು ಮೇಲೆ ತೆಗೆಯುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು, ಜೀವ ಯಾವಾಗಲೋ ಹೋಗಿತ್ತು.

ಹುಲ್ಲಪ್ಪ ಬಂದು ತಾಯಿಯನ್ನು ಒಂದೇ ಮಾತು ಕೇಳಿದ. "ಕೋಲ ಒಯ್ದಿದ್ದಿಲ್ಲೇನ?"

"ಇಲ್ಲ" ಎಂದಳು. ಕಲ್ಲಿನ ಸುದ್ದಿ ಅವಳು ಎತ್ತಲಿಲ್ಲ. ಅಲ್ಲೇ ನಿಂತಿದ್ದ ನಾನೂ ಎತ್ತಲಿಲ್ಲ, ನನ್ನ ನಾಲಿಗೆ ಸೇದಿ ಹೋಗಲಿ. ಅವನು ಹೆಂಡತಿಯ ದಿನಕರ್ಮ ಮುಗಿಸಿ ಗೋವಾಕ್ಕೆ ಹೋದವನು ಮತ್ತೆ ಬರಲಿಲ್ಲ.

ಆ ವಾರವೇ ಸತ್ಯವ್ವ ಮನೆ ಮನೆ ತಿರುಗತೊಡಗಿದಳು. "ಹಗೇವಿನ ಕಲ್ಲ ಕಿತ್ತ ತಂದೀರೇನ್ರಿ?" ಎಂದು ಕೇಳುವಳು. ಹೂಂ ಅಂದವರ ಹಳೆಯ ಅಂಗಳಕ್ಕೆ ಕೋಲು ಹಿಡಿದು ಹೋಗಿ, ಗುಂಡಿಯ ಬಾಯಿಗೆ ಜಾಲಿಕಂಟಿ ತುರುಕಿ ಬರುವಳು. ಅವಳ ದನಿ ಈಗ ಎಷ್ಟು ಇಳಿದಿತ್ತೆಂದರೆ ಜನ ಕಿವಿಗೊಟ್ಟು ಕೇಳಬೇಕಿತ್ತು.

ನಮ್ಮ ಓಣಿಗೆ ಬಂದ ದಿನ ನಾನು ಉತ್ತರ ಸಿದ್ಧ ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಒಳಗೆ ಬಚ್ಚಲಲ್ಲಿ ನನ್ನ ಹೆಂಡತಿ ಗುರುಲಿಂಗವ್ವ ಬಟ್ಟೆ ಒಗೆಯುತ್ತಿದ್ದಳು. ಕಲ್ಲಿನ ಮೇಲೆ ಬಟ್ಟೆ ಬಡಿಯುವ ಸಪ್ಪಳ ಬೀದಿಗೆ ಕೇಳುತ್ತಿತ್ತು. ಸತ್ಯವ್ವ ನಮ್ಮ ಬಾಗಿಲ ಮುಂದೆ ನಿಂತು ಸ್ವಲ್ಪ ಹೊತ್ತು ಅದನ್ನೇ ಕೇಳಿದಳು. ನನ್ನನ್ನು ಏನೂ ಕೇಳದೆ ಮುಂದಿನ ಮನೆಗೆ ಹೋದಳು.