ಹಾಲಿನ ಪ್ಲೇಟಿನ ತಿಳಿ ಉಂಗುರ

2003ರಲ್ಲಿ ನಾನು ಮಣಿಪಾಲದ ಒಂದು ಸಂಶೋಧನಾ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಸೇರಿದ ಕೆಲಸ. ಕಾಪುವಿನಿಂದ ದಿನಾ ಎರಡು ಬಸ್ಸು ಹಿಡಿದು ಹೋಗುತ್ತಿದ್ದೆ. ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟುಗಳನ್ನು ತಯಾರಿಸುವುದು, ಮುಗಿದವನ್ನು ಆಟೋಕ್ಲೇವ್ ಎಂಬ ದೊಡ್ಡ ಪ್ರೆಶರ್ ಕುಕ್ಕರಿನಂಥ ಯಂತ್ರದಲ್ಲಿ ಬೇಯಿಸಿ ಎಸೆಯುವುದು ನನ್ನ ಪಾಲಿನದು. ಓದಿದ್ದು ಊರಿನ ಶಾಲೆಯಲ್ಲಿ ಏಳನೇ ತರಗತಿ. ಲ್ಯಾಬಿನ ಮುಖ್ಯಸ್ಥರಾದ ಸರ್ ಎದುರು ಬಾಯಿ ತೆರೆದವಳಲ್ಲ.

ಕಾರ್ಕಳದ ರೇಷ್ಮಾ ಅಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಅವಳೇ ನನಗೆ ಹೇಳಿಕೊಟ್ಟದ್ದು: ಬ್ಯಾಕ್ಟೀರಿಯಾ ತನ್ನೊಳಗೆ ಪ್ರೋಟೀನ್ ತಯಾರಿಸಿ, ಸುತ್ತಲಿನ ಎರಡು ಪೊರೆಗಳನ್ನು ದಾಟಿಸಿ ಹೊರಗೆ ಕಳಿಸುತ್ತದೆ. ಪೊರೆಯಲ್ಲಿ ಅದಕ್ಕೆಂದೇ ದ್ವಾರವಿದೆ. ಹೊರಬಂದ ಪ್ರೋಟೀನ್ ಹಾಲನ್ನು ಕರಗಿಸುವಂಥದ್ದಾದರೆ, ಹಾಲು ಬೆರೆಸಿದ ಪ್ಲೇಟಿನಲ್ಲಿ ಬ್ಯಾಕ್ಟೀರಿಯಾದ ಚುಕ್ಕೆಯ ಸುತ್ತ ತಿಳಿ ಉಂಗುರ ಮೂಡುತ್ತದೆ. ರೇಷ್ಮಾ ಒಂದು ಜೀನ್ ಕೆಡಿಸಿ, ದ್ವಾರ ಮುಚ್ಚಿದ ತಳಿಯೊಂದನ್ನು ಮಾಡಿದ್ದಳು. ಅದಕ್ಕೆ ಉಂಗುರ ಬರಬಾರದು.

ಒಂದು ಶುಕ್ರವಾರ ಸಂಜೆ ಪ್ಲೇಟ್ ಹಾಕಿ ಊರಿಗೆ ಹೋದಳು. ಸೋಮವಾರ ಬಂದು ನೋಡಿದರೆ ಆ ತಳಿಗೂ ಉಂಗುರ!

"ನಿನ್ನ ಜೀನಿಗೂ ದ್ವಾರಕ್ಕೂ ಸಂಬಂಧವೇ ಇಲ್ಲ. ಎರಡು ವರ್ಷ ಹಾಳಾದದ್ದು ಸಾಕು, ವಿಷಯ ಬದಲಿಸು," ಎಂದರು ಸರ್.

ರೇಷ್ಮಾ ತಳಿಯ ಟ್ಯೂಬುಗಳನ್ನೆಲ್ಲ ಬಕೆಟಿಗೆ ಹಾಕಿ ನನ್ನ ಮುಂದಿಟ್ಟಳು. "ಎಲ್ಲ ಬೇಯಿಸಿಬಿಡಿ ಅಕ್ಕ. ಮಲ್ಪೆಯಲ್ಲಿ ಮೀನು ಮಾರಿದ್ರೂ ಇಷ್ಟೊತ್ತಿಗೆ ಒಂದು ಬೋಟು ತೆಗೀಬಹುದಿತ್ತು."

ಯಂತ್ರದ ಮುಚ್ಚಳ ತೆರೆದು ನಿಂತೆ. ಹಾಲಿನ ಪ್ಲೇಟಿಗೆ ಬೂಷ್ಟು ಬಂದರೆ ಬೈಗುಳ ನನಗೆ. ಹಾಗಾಗಿ ಮಾರನೇ ದಿನ ಇಣುಕಿ ನೋಡುವುದು ನನ್ನ ಅಭ್ಯಾಸ. ಶನಿವಾರ ಬೆಳಿಗ್ಗೆ ಆ ತಳಿಗೆ ಉಂಗುರವಿರಲಿಲ್ಲ. ಬಕೆಟ್ ಎತ್ತಿಕೊಂಡೇ ಸರ್ ಕೋಣೆಗೆ ಹೋದೆ.

"ಶನಿವಾರ ಉಂಗುರ ಇರಲಿಲ್ಲ ಸರ್."

"ಇದೆಲ್ಲ ನಿಮಗೆ ಎಂತ ಗೊತ್ತುಂಟು?"

"ದ್ವಾರದ್ದು ಗೊತ್ತಿಲ್ಲ ಸರ್, ಕುಚ್ಚಲಕ್ಕಿ ಗೊತ್ತುಂಟು. ಹೆಚ್ಚು ಬೆಂದರೆ ಅಕ್ಕಿ ಒಡೆದು ಗಂಜಿ ದಪ್ಪ ಆಗ್ತದೆ. ಮೂರು ದಿನ ಇಟ್ಟರೆ ಈ ಬ್ಯಾಕ್ಟೀರಿಯಾವೂ ಸತ್ತು ಒಡೆದು, ಒಳಗಿನದ್ದು ಹೊರಗೆ ಬರ್ತದೆ ಅಲ್ವಾ?"

ಸರ್ ಕನ್ನಡಕ ತೆಗೆದಿಟ್ಟರು. "ರೇಷ್ಮಾ, ಬಾ ಇಲ್ಲಿ ಮಾರಾಯ್ತಿ!"

ಮತ್ತೆ ಪ್ಲೇಟ್ ಹಾಕಿ, ಗಂಟೆ ಬರೆದಿಟ್ಟು ನೋಡಿದೆವು. ಹದಿನೆಂಟು ಗಂಟೆಗೆ ದ್ವಾರವಿರುವ ತಳಿಗೆ ಮಾತ್ರ ಉಂಗುರ. ಮೂರನೇ ದಿನ ದ್ವಾರ ಮುಚ್ಚಿದ ತಳಿಗೂ ಉಂಗುರ ಬಂತು; ಜೊತೆಗೆ ಕೋಶದೊಳಗೇ ಇರಬೇಕಾದ ಬೇರೊಂದು ಎನ್‌ಜೈಮ್ ಕೂಡ ಹೊರಗೆ ಸಿಕ್ಕಿತು. ಕೋಶಗಳು ಒಡೆದಿದ್ದವು; ಪ್ರೋಟೀನ್ ದ್ವಾರ ದಾಟಿರಲಿಲ್ಲ, ಸೋರಿತ್ತು ಅಷ್ಟೆ. ಅದೇ ತಳಿಯ ಮೇಲೆ ರೇಷ್ಮಾ ಡಾಕ್ಟರೇಟ್ ಮುಗಿಸಿದಳು.

ನಿಮ್ಮ ಕಣ್ಣು ನೋಡಿದ್ದನ್ನು, ಯಾವ ಹೊತ್ತಿಗೆ ನೋಡಿದಿರಿ ಎಂಬುದನ್ನೂ ಸೇರಿಸಿ, ಹೇಳಿಬಿಡಿ ಮಕ್ಕಳೇ. ಓದು ಕಡಿಮೆ ಎಂದು ಆ ದಿನ ನಾನು ಸುಮ್ಮನಿದ್ದಿದ್ದರೆ, ಅವಳ ಎರಡು ವರ್ಷದ ಕೆಲಸ ಆ ಯಂತ್ರದಲ್ಲಿ ಇಪ್ಪತ್ತು ನಿಮಿಷದಲ್ಲಿ ಬೆಂದುಹೋಗುತ್ತಿತ್ತು.