ಗೌರಿ ಹಬ್ಬಕ್ಕೆ ತಮ್ಮ ತಂದ ಪ್ರೊಸೆಸರ್

ಮಗ್ಗದ ಸದ್ದು ನಿಂತರೆ ಮಲಗಿದ ಮಗುವೂ ಎದ್ದು ಕೂರುವ ದೊಡ್ಡಬಳ್ಳಾಪುರದಲ್ಲಿ ಪ್ರಮೋದಾ ಇಪ್ಪತ್ತು ವರ್ಷದಿಂದ ಸೀರೆಯ ಅಂಚಿಗೆ ಹಂಸ, ಮಾವಿನಕಾಯಿ ಬರೆಯುತ್ತಿದ್ದಾಳೆ. ಬರೆಯುವುದು ಕಂಪ್ಯೂಟರಿನಲ್ಲಿ. ಅದು ಹೇಳಿದಂತೆ ಪಂಚಿಂಗ್ ಮೆಷಿನ್ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತದೆ, ಆ ತೂತುಗಳಂತೆ ಮಗ್ಗ ನೇಯುತ್ತದೆ. ಕಂಪ್ಯೂಟರಿನ ವಯಸ್ಸು ಮಾತ್ರ ಕೇಳಬೇಡಿ. ಹೊಸವು ಆ ಮೆಷಿನ್ನಿಗೆ ಹೊಂದುವುದಿಲ್ಲ, ಹಳೆಯದಕ್ಕೆ ಅವಸರವೆಂದರೆ ಗೊತ್ತಿಲ್ಲ. ಪರದೆಯ ಮೇಲೆ ಒಂದು ಹಂಸ ಮೂಡುವಷ್ಟರಲ್ಲಿ ಪ್ರಮೋದಾ ಅನ್ನಕ್ಕಿಟ್ಟು ಬರುತ್ತಿದ್ದಳು.

ಈ ಸಲದ ಗೌರಿ ಹಬ್ಬಕ್ಕೆ ತಮ್ಮ ಬೀರೇಶ್ ತವರಿನ ಮೊರ ಹಿಡಿದು ಬಂದ. ಬಳೆ, ಅರಿಶಿನ, ಬಾಳೆಹಣ್ಣು ಇದ್ದವು. ಸೀರೆ ಇರುವ ಜಾಗದಲ್ಲಿ ಮುಳ್ಳುಮುಳ್ಳಿನ ಒಂದು ಚೌಕದ ಬಿಲ್ಲೆ.

"ಇದೇನೋ ಇದು?"

"ಪ್ರೊಸೆಸರ್ ಕಣಕ್ಕ, ಕಂಪ್ಯೂಟರ್ ಮೆದುಳು. ಪಿಲ್ಲಗುಂಪೆ ಫ್ಯಾಕ್ಟರೀಲಿ ಹಳೇ ಕಂಪ್ಯೂಟರ್ ಗುಜರಿಗೆ ಹಾಕ್ತಿದ್ರು, ಕೇಳಿ ಬಿಚ್ಕೊಂಬಂದೆ. ನಿನ್ ಕಂಪ್ಯೂಟರ್ ಓಡುತ್ತೆ ನೋಡು. ಈ ಸಲ ಸೀರೆ ತರೋಕಾಗ್ಲಿಲ್ಲ."

ಕೆಲಸ ಹೋಗಿ ಮನೆಯಲ್ಲಿ ಕೂತಿದ್ದ ತಮ್ಮ ನೆಲ ನೋಡುತ್ತಾ ಹೀಗೆಂದಾಗ ಅಕ್ಕ ಬಿಲ್ಲೆಯನ್ನು ಕಣ್ಣಿಗೊತ್ತಿಕೊಂಡಳು.

ಬೀರೇಶ್ ಹಳೆಯದನ್ನು ತೆಗೆದು ತಾನು ತಂದದ್ದನ್ನು ಕೂರಿಸಿದ. ಹಂಸ ಕಣ್ಣು ಮಿಟುಕಿಸುವಷ್ಟರಲ್ಲಿ ಮೂಡಿತು. ಪ್ರಮೋದಾ ಚಪ್ಪಾಳೆ ತಟ್ಟಿಬಿಟ್ಟಳು! ಆದರೆ ಕಾರ್ಡು ಹೊಡೆಸಿದರೆ ತೂತುಗಳೆಲ್ಲ ತಪ್ಪಿದ್ದವು. ಹಂಸಕ್ಕೆ ಕುತ್ತಿಗೆಯೇ ಇಲ್ಲ.

"ಸ್ಪೀಡ್ ಜಾಸ್ತಿ ಆಯ್ತು, ಮೆಷಿನ್ ಹಿಂದೆ ಬೀಳ್ತೈತೆ," ಎಂದ ಬೀರೇಶ್. "ಕಾರ್ಡ್ ಹೊಡೆಯೋವಾಗ ಮಾತ್ರ ಸ್ಪೀಡ್ ಇಳ್ಸೋಕೆ ಮುಂದ್ಗಡೆ ಒಂದು ಬಟನ್ ಇರ್ಬೇಕಲ್ಲಕ್ಕ?"

ಇತ್ತು. ಆಯುಧಪೂಜೆಗೆ ಕಂಪ್ಯೂಟರಿನ ಹಣೆ ಎಲ್ಲಿದೆಯೆಂದು ಹುಡುಕಿ ಪ್ರಮೋದಾ ಗಂಧ ಕುಂಕುಮ ಇಡುತ್ತಾ ಬಂದದ್ದು ಅದರ ಮೇಲೆಯೇ. ವರ್ಷವರ್ಷವೂ ಇಟ್ಟದ್ದು ಗಟ್ಟಿಯಾಗಿ, ಬಟನ್ ಅದರಡಿ ಹೂತುಹೋಗಿತ್ತು.

"ಒರೆಸ್ಬೇಕಾಗುತ್ತೆ."

"ಗೌರಿ ಹಬ್ಬದ ದಿನ ಮುತ್ತೈದೆ ಕೈಲಿ ಕುಂಕುಮ ಅಳಿಸ್ತೀಯೇನೋ? ಬಾಯ್ಮುಚ್ಚು!"

ಅವಳಿಗೆ ನಿಜಕ್ಕೂ ಭಯವಾಗಿತ್ತು. ಪಕ್ಕದ ಕೋಣೆಯಲ್ಲಿ ಮಗ್ಗ ಓಡಿಸುತ್ತಿದ್ದವನು ಅವಳ ಗಂಡ.

"ಸರಿ ಬಿಡಕ್ಕ, ಹಳೇದೇ ಹಾಕ್ಬಿಡ್ತೀನಿ." ಬೀರೇಶ್ ಸ್ಕ್ರೂಡ್ರೈವರ್ ಎತ್ತಿಕೊಂಡ. ತಂದ ಉಡುಗೊರೆಯನ್ನು ಜೇಬಿಗಿಳಿಸಿಕೊಂಡು ಹೋಗುವ ತಮ್ಮನನ್ನು ನೋಡುವುದು ಅವಳಿಂದಾಗದು.

ಸೆರಗಿನ ತುದಿ ಒದ್ದೆ ಮಾಡಿಕೊಂಡಳು. "ತಾಯಿ, ತಪ್ಪಾಯ್ತು," ಎಂದು ಗೊಣಗುತ್ತಾ ತಿಕ್ಕಿದಳು. ಸೆರಗು ಕೆಂಪಾಯಿತು, ಬಟನ್ ಟಕ್ಕೆಂದು ಒಳಗೆ ಹೋಯಿತು. ಮತ್ತೆ ಕಾರ್ಡು ಹೊಡೆಸಿದಾಗ ಹಂಸಕ್ಕೆ ಕುತ್ತಿಗೆ ಬಂದಿತ್ತು. ಗೋಡೆಯತ್ತ ಕಿವಿಗೊಟ್ಟಳು. ಪಕ್ಕದಲ್ಲಿ ಮಗ್ಗ ಓಡುತ್ತಲೇ ಇತ್ತು.

ಬಟನ್ನಿನಿಂದ ಒಂದು ಬೆರಳಷ್ಟು ಮೇಲೆ ಹೊಸ ಕುಂಕುಮ ಇಟ್ಟಳು. ತವರಿನ ಮೊರವನ್ನು ಬರಿದಾಗಿ ಕಳಿಸುವಂತಿಲ್ಲ. ಒಬ್ಬಟ್ಟು ಕಟ್ಟಿಟ್ಟು, ಬಿಚ್ಚಿದ ಹಳೆಯ ಪ್ರೊಸೆಸರಿಗೂ ಕುಂಕುಮ ಹಚ್ಚಿ ಪಕ್ಕದಲ್ಲಿಟ್ಟಳು.

"ಇದನ್ನ ಗುಜರಿಗೆ ಹಾಕ್ಬೇಡ ಕಣೋ. ಇಷ್ಟು ವರ್ಷ ನಮಗೆ ಅನ್ನ ಹಾಕೈತೆ. ದೇವರ ಗೂಡಲ್ಲಿಟ್ಕೊ, ನಿಂಗೂ ಕೆಲಸ ಸಿಗುತ್ತೆ."