ಸೇತುವೆ ಕಾಯ್ದ ತೊಗರಿಬೇಳೆ

ನಾನು ಯುದ್ಧ ಮಾಡಿದವನು ಎಂದರೆ ನೀವು ನಗುತ್ತೀರಿ. ನಗಿರಿ. ಚೌಕಾಬಾರದಲ್ಲೂ ಹೆಂಡತಿಯ ಕೈಯಲ್ಲಿ ಸೋಲುವವನು ನಾನು. ಆದರೂ ತೊಂಬತ್ತರ ದಶಕದ ಕೊನೆಯಲ್ಲಿ, ಸೇಡಂನ ನಮ್ಮ ಮನೆಯ ಒಳಕೋಣೆಯಲ್ಲಿ, ಹೊರಸಿನ ಮೇಲೆ ಒರಗಿಕೊಂಡು ತಿಂಗಳುಗಟ್ಟಲೆ ಒಂದು ಸೇತುವೆ ಕಾಯ್ದಿದ್ದೇನೆ.

ಆಗ ನನಗೆ ಎದೆನೋವು ಬಂದು, ದವಾಖಾನೆಯಿಂದ ಹೇಗೋ ಬದುಕಿ ಮರಳಿದ್ದೆ. "ಎದಿ ಇನ್ನಾ ಹಸಿ ಅದ. ಮಾತು ಕಡಿಮಿ ಮಾಡ್ರಿ. ಇನ್ನೊಮ್ಮೆ ಬಂತಂದ್ರ ನನ್ನ ಕೈಯಾಗಿಲ್ಲ" ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಸಾಲಿ ಮಾಸ್ತರನಿಂದ ಮಾತು ಕಿತ್ತುಕೊಂಡರೆ ಉಳಿಯುವುದೇನು? ನನ್ನ ಪೇಚಾಟ ನೋಡಲಾರದೆ, ಹೆಂಡತಿಯ ತಮ್ಮ, ಫೌಜಿನಲ್ಲಿದ್ದವನು, ರಜೆಯ ಮೇಲೆ ತನ್ನೂರು ಚಿತ್ತಾಪುರಕ್ಕೆ ಬಂದಾಗ ಒಂದು ಹಳೆಯ ಡಬ್ಬಿ ತಂದುಕೊಟ್ಟ. "ಮಾಮಾ, ಇದು ಒಬ್ಬರೇ ಆಡೋ ಆಟ. ಜೋಡಿ ಬೇಕಾಗಿಲ್ಲ, ಮಾತಂತೂ ಬ್ಯಾಡೇ ಬ್ಯಾಡ."

ಡಬ್ಬಿಯಲ್ಲಿ ಒಂದು ನಕ್ಷೆ, ಶತ್ರುವಿನ ರಟ್ಟಿನ ಬಿಲ್ಲೆಗಳು, ಒಂದು ದಾಳ. ನಮ್ಮ ಕಡೆಯ ಬಿಲ್ಲೆಗಳು ಎಲ್ಲೋ ಕಳೆದಿದ್ದವು; ಅವುಗಳ ಬದಲು ತೊಗರಿಬೇಳೆ ಇಟ್ಟುಕೊಂಡೆ. ದಾಳ ಹೇಳಿದಷ್ಟು ಮನೆ ಶತ್ರು ಮುಂದೆ ಬರುತ್ತಾನೆ. ಅವನನ್ನು ಸೋಲಿಸಲು ಸಾಧ್ಯವೇ ಇಲ್ಲ. ಊರ ಜನ ಸೇತುವೆ ದಾಟಿ ಪಾರಾಗುವವರೆಗೆ ತಡೆಯಬೇಕು, ಒಂದಿಷ್ಟು ಹಿಂದೆ ಸರಿಯಬೇಕು, ಮತ್ತೆ ತಡೆಯಬೇಕು. ಮೊದಮೊದಲು ನನಗಿದು ತಲೆಗೆ ಹತ್ತಲಿಲ್ಲ. ಶೌರ್ಯ ಉಕ್ಕಿ ಬೇಳೆಗಳನ್ನೆಲ್ಲ ಮುಂದೆ ನುಗ್ಗಿಸಿ, ಊಟದ ಹೊತ್ತಿಗೆ ಊರನ್ನೇ ಕಳೆದುಕೊಂಡು ಕೂರುತ್ತಿದ್ದೆ.

ಇದು ನನ್ನೊಬ್ಬನ ತಪ್ಪೂ ಅಲ್ಲ. ನಮ್ಮ ಕಡೆಯ ವೀರಗಲ್ಲುಗಳನ್ನು ನೋಡಿ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ನುಗ್ಗಿ ಸತ್ತವನಿಗೆ ಕಲ್ಲು ನಿಲ್ಲಿಸಿದರು. ಹೊತ್ತು ತಳ್ಳಿ ಊರು ಉಳಿಸಿದವನಿಗೆ ಯಾರು ನಿಲ್ಲಿಸಿದರು? ಅವನನ್ನು ಹೇಗೆ ಕೆತ್ತಬೇಕೆಂಬುದೇ ಕಲ್ಲುಕುಟಿಗನಿಗೆ ಹೊಳೆದಿರಲಿಕ್ಕಿಲ್ಲ.

ಅತ್ತ ನಿಜವಾದ ದಂಡು ಬಾಗಿಲಿಗೇ ಬರುತ್ತಿತ್ತು. ನಮ್ಮಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಬಂಧುಬಳಗವೆಲ್ಲ ಮಾತಾಡಿಸಲು ಬರಲೇಬೇಕು. ಬಂದವರನ್ನು ಹಾಗೇ ಕಳಿಸಿದರೆ ಮನಸ್ತಾಪ. ವಾಡಿಯಿಂದ, ಶಹಾಬಾದಿನಿಂದ, ಚಿಂಚೋಳಿಯಿಂದ ಬ್ರೆಡ್ಡು, ಮೋಸಂಬಿ ಹಿಡಿದು ಬಂದವರು ಇದೇ ಎದೆನೋವಿನಲ್ಲಿ ಹೋದವರ ಕಥೆಗಳನ್ನು ಬಲು ಪ್ರೀತಿಯಿಂದ ಹೇಳುತ್ತಿದ್ದರು. ಮೊದಲ ವಾರ ಎಲ್ಲರೊಡನೆ ಮಾತಾಡಿದ್ದಕ್ಕೆ ನನಗೆ ಮತ್ತೆ ಎದೆ ಹಿಡಿಯಿತು. ಮರುದಿನದಿಂದ ನನ್ನ ಹೆಂಡತಿ ಶಾಂತಾ ಪಡಸಾಲೆಯಲ್ಲಿ ಕೂತಳು.

ಒಳಗಿನಿಂದ ನನಗೆ ಎಲ್ಲ ಕೇಳುತ್ತಿತ್ತು. "ಬರ್ರಿ ಕಾಕಾ, ಕುಂದ್ರಿ. ಈಗೇ ಗುಳಿಗಿ ತಗೊಂಡು ಮಕ್ಕೊಂಡಾರ. ನೀರು ಕುಡೀರಿ." ನೀರಿನ ಹಿಂದೆ ಒಗ್ಗರಣೆ ಹಾಕಿದ ಚುರುಮುರಿ ಸುಸಲಾ, ಸುಸಲಾದ ಹಿಂದೆ ಚಹಾ, ನಡುವೆ ಕಾಕಾನ ಮಗಳ ಲಗ್ನದ ಮಾತು. "ಎದ್ದಾರೇನು ನೋಡವ್ವಾ" ಎಂದರೆ ಒಳಗೆ ಬಂದು, ದಾಳ ಹಿಡಿದು ಕಣ್ಣರಳಿಸಿ ಕೂತ ನನ್ನನ್ನು ನೋಡಿ, ಹೊರಗೆ ಹೋಗಿ, "ಇನ್ನಾ ಇಲ್ರಿ" ಎನ್ನುತ್ತಿದ್ದಳು. ಬಸ್ಸಿನ ಹೊತ್ತಾಗಿ ಕಾಕಾ ಸಂತೋಷದಿಂದಲೇ ಏಳುತ್ತಿದ್ದರು. ಚಹಾ ಒಗ್ಗದ ಶಾಂತಾ ಬಂದವರ ಜೊತೆಗೆಲ್ಲ ಚಹಾ ಕುಡಿದು, ಸಂಜೆ ಹೊಟ್ಟೆಯುರಿಯಿಂದ ಒದ್ದಾಡುತ್ತಿದ್ದಳು. ಇವತ್ತು ನಾನು ಕೂತು ಇದನ್ನು ಬರೆಯುತ್ತಿರುವುದು ಅವಳ ಆ ಹೊಟ್ಟೆಯುರಿಯ ಪುಣ್ಯದಿಂದ. ಕಲ್ಲುಕುಟಿಗ ಸಿಕ್ಕರೆ ಈಗ ಹೇಳಬಲ್ಲೆ: ಕೆಳಗೆ ಸುಸಲಾ ಕೆತ್ತು, ನಡುವೆ ಚಹಾ, ಮೇಲೆ ಕೈಲಾಸಕ್ಕೆ ಹೋಗದೆ ಉಳಿದ ನಾನು.

ಅವಳ ಮಾತು ಕೇಳುತ್ತಾ ಕೇಳುತ್ತಾ ಬೇಳೆ ಸರಿಸುವುದನ್ನು ಕಲಿತೆ. ಇನ್ನು ಎದ್ದು ಓಡಾಡಬಹುದೆಂದು ಡಾಕ್ಟರು ಹೇಳಿದ ಮಾರನೆಯ ಮಧ್ಯಾಹ್ನ ಊರ ಜನರೆಲ್ಲ ಸೇತುವೆ ದಾಟಿದರು. ಶಾಂತಾಳನ್ನು ಕರೆದು ತೋರಿಸಿದೆ.

"ಗೆದ್ರೇನು?"

"ಇದರಾಗ ಗೆಲ್ಲೂದಿಲ್ಲ. ಮಂದಿ ಉಳೀತಾರ, ಅಷ್ಟೇ."

ಸೇತುವೆಯ ಬಾಯಲ್ಲಿ ಉಳಿದಿದ್ದ ಒಂದೇ ಬೇಳೆಯನ್ನು ಅವಳು ತೋರಿಸಿದಳು. "ಇದು?"

"ಎಲ್ಲರೂ ದಾಟೋತನಕ ಅದು ಅಲ್ಲೇ ಇರ್ತದ."

"ದಾಟ್ಯಾರಲ್ಲ. ಇನ್ನರೆ ಅದನ್ನ ಕರಕೊಳ್ರಿ."

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಶಾಂತಾ ಮಂಡಿಯ ಮೇಲೆ ಕೈಯೂರಿ ಏಳಲು ಹೋದಳು. "ನೀ ಕುಂದ್ರು" ಎಂದು ನಾನೇ ಎದ್ದು, ಗೋಡೆ ಹಿಡಿದುಕೊಂಡು ನಡೆದು, ಬಾಗಿಲು ತೆಗೆದೆ.

"ಬರ್ರಿ ಕಾಕಾ, ಕುಂದ್ರಿ," ಎಂದೆ. "ಆಕಿ ಈಗೇ ಮಕ್ಕೊಂಡಾಳ."